ಸತ್ತವಳ ಕೊರಳಿಗೆ ಹೊಸ ಹಾಡು

(ಗಿರಣಿ ಕೆಲಸಗಾರರ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣದ ಬರಹರೂಪ)



ಇಂದು ಬೋನಸ್ಸಿನ ವಿಚಾರ ಬರುತ್ತದೆಂದು ಎಣಿಸಿ ಬಂದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರೆಂದು ಬಲ್ಲೆ. ಆ ಮಾತು ಮುಂದಿನ ಸಭೆಗೆ ಇರಲಿ. ಇಂದು ಒಂದು ಹಾಡಿನ ವಿಚಾರ ಹೇಳಬೇಕಾಗಿದೆ. ಹಾಡಿಗೂ ಗಿರಣಿಗೂ ಏನು ಸಂಬಂಧ ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಗೊಣಗಿದ್ದು ನನಗೆ ಕೇಳಿಸಿತು. ಸಂಬಂಧವಿದೆ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಕಳೆದ ತಿಂಗಳು ನೂಲುವ ಖಾತೆಯ ಒಬ್ಬ ಹುಡುಗ ನನ್ನ ಮನೆಗೆ ಬಂದ. ಹೆಸರು ಬೇಡ, ಈ ಸಭೆಯಲ್ಲೇ ಕುಳಿತಿದ್ದಾನೆ. ಪಾಳಿ ಮುಗಿಸಿಕೊಂಡು ಮದುವೆ ಮುಂಜಿಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಹಾಡಿ ನಾಲ್ಕು ಕಾಸು ಸಂಪಾದಿಸುವವನು. ಅವನ ಕೈಯಲ್ಲಿ ಮೂರು ಹಾಳೆಯ ಒಂದು ಇಂಗ್ಲಿಷ್ ಕರಾರು ಪತ್ರವಿತ್ತು. ಯಾವುದೋ ಕಂಪನಿಯವರು ನಾಲ್ಕು ದಿನ ಅವನನ್ನು ಕೂಡಿಸಿಕೊಂಡು ಹಾಡಿಸಿ, ಓದಿಸಿ, ದನಿ ಹಿಡಿದುಕೊಳ್ಳುತ್ತಾರಂತೆ. ಅದಕ್ಕೆ ೫,೦೦೦ ರೂಪಾಯಿ. ರುಜು ಹಾಕಲೇ ಮೇಷ್ಟ್ರೇ ಎಂದು ಕೇಳಿದ. ನನ್ನದು ಮೆಟ್ರಿಕ್ಯುಲೇಷನ್ನಿನ ಇಂಗ್ಲಿಷು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ರಾತ್ರಿ ಓದಿದೆ. ಎರಡನೆಯ ಹಾಳೆಯ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಏನು ಬರೆದಿತ್ತೆಂದರೆ, ಈ ದನಿಯೂ, ಈ ದನಿಯಿಂದ ಮುಂದೆ ತಯಾರಾಗುವುದೆಲ್ಲವೂ, ಈಗಿರುವ ಹಾಗೂ ಇನ್ನು ಮುಂದೆ ಕಂಡುಹಿಡಿಯಬಹುದಾದ ಸಕಲ ವಿಧಾನಗಳಿಂದಲೂ, ಲೋಕದ ಎಲ್ಲ ಕಡೆಯೂ, ಎಲ್ಲ ಕಾಲಕ್ಕೂ ಕಂಪನಿಯ ಸ್ವತ್ತು.

ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿದಾಗ ಆ ಹುಡುಗ, "ಹಾಗಾದರೆ ನಾನು ಸತ್ತ ಮೇಲೂ ಹಾಡುತ್ತಲೇ ಇರಬೇಕೇ ಮೇಷ್ಟ್ರೇ?" ಎಂದ. ಅಲ್ಲಿದ್ದ ಇಬ್ಬರು ನಕ್ಕರು. ನೀವೂ ಈಗ ನಗುತ್ತಿದ್ದೀರಿ. ಆದರೆ ಇದು ನಗುವ ಮಾತಲ್ಲ. ಜಪಾನಿನಲ್ಲಿ ಇದು ೨೦೧೯ರಲ್ಲಿಯೇ ನಡೆದುಹೋಗಿದೆ. ಸತ್ತು ಮೂವತ್ತು ವರ್ಷವಾಗಿದ್ದ ಒಬ್ಬ ಗಾಯಕಿ, ಬದುಕಿದ್ದಾಗ ಕೇಳಿಯೇ ಇರದಿದ್ದ ಒಂದು ಹಾಡನ್ನು ತನ್ನ ಅಭಿಮಾನಿಗಳೆದುರು ಹಾಡಿದಳು. ಆ ಕಥೆಯನ್ನು ಮೊದಲು ಹೇಳುತ್ತೇನೆ.

ಅವಳ ಹೆಸರು ಮಿಸೋರಾ ಹಿಬಾರಿ. ಅದು ರಂಗದ ಹೆಸರು. ಹಿಬಾರಿ ಎಂದರೆ ಆಕಾಶಕ್ಕೆ ಏರುತ್ತ ಏರುತ್ತ ಹಾಡುವ ಒಂದು ಸಣ್ಣ ಹಕ್ಕಿ. ತಂದೆತಾಯಿ ಇಟ್ಟ ಹೆಸರು ಕಾತೋ ಕಾಜ಼ುಎ. ಯೋಕೋಹಾಮಾ ಎಂಬ ಬಂದರು ಊರಿನಲ್ಲಿ ೧೯೩೭ರ ಮೇ ೨೯ರಂದು ಹುಟ್ಟಿದಳು. ತಂದೆ ಮೀನಿನ ವ್ಯಾಪಾರಿ. ದೊಡ್ಡ ಸಾಹುಕಾರನಲ್ಲ, ನಮ್ಮ ಸಂತೆಪೇಟೆಯವರ ಹಾಗೆ ಅಂಗಡಿ ಇಟ್ಟುಕೊಂಡು ಬದುಕುತ್ತಿದ್ದವನು. ೧೯೪೩ರಲ್ಲಿ ಅವನನ್ನು ಯುದ್ಧಕ್ಕೆ ಕರೆದರು. ಅವನನ್ನು ಬೀಳ್ಕೊಡಲು ಕೂಡಿದ ನೆರೆಹೊರೆಯವರ ಮುಂದೆ ಆರು ವರ್ಷದ ಈ ಮಗಳು ಹಾಡಿದಳು, ಕೇಳಿದವರು ಅತ್ತರು ಎಂದು ಅವಳ ಜೀವನಚರಿತ್ರೆಯಲ್ಲೆಲ್ಲ ಬರೆದಿದೆ. ಎರಡು ವರ್ಷದ ಮೇಲೆ, ೧೯೪೫ರ ಮೇ ೨೯ರಂದು, ಅಂದರೆ ಅವಳ ಎಂಟನೆಯ ಹುಟ್ಟುಹಬ್ಬದ ದಿನವೇ, ಅಮೆರಿಕದ ವಿಮಾನಗಳು ಯೋಕೋಹಾಮಾ ನಗರವನ್ನು ಸುಟ್ಟವು.

ಯುದ್ಧ ಮುಗಿದ ಮೇಲಿನ ಜಪಾನನ್ನು ನೀವು ಈಗಿನ ಕಾರು ಕ್ಯಾಮೆರಾಗಳ ಜಪಾನೆಂದು ಭಾವಿಸಬಾರದು. ಅನ್ನವಿಲ್ಲ, ಸೂರಿಲ್ಲ, ರೈಲು ನಿಲ್ದಾಣಗಳಲ್ಲಿ ಅನಾಥ ಮಕ್ಕಳು. ಆ ಬೂದಿಯ ನಡುವೆ ಅವಳ ತಾಯಿ ಒಂದು ಸಣ್ಣ ಮೇಳ ಕಟ್ಟಿಕೊಂಡು ಮಗಳನ್ನು ಹಾಡಿಸಲು ಹೊರಟಳು. ೧೯೪೬ರಲ್ಲಿ ಎನ್.ಎಚ್.ಕೆ. ಎಂಬ ಅಲ್ಲಿನ ಸಾರ್ವಜನಿಕ ಆಕಾಶವಾಣಿ ಸಂಸ್ಥೆ ಜನಸಾಮಾನ್ಯರಿಗೆ ಹಾಡಿನ ಸ್ಪರ್ಧೆ ನಡೆಸಿದಾಗ ಈ ಹುಡುಗಿಯೂ ಹೋದಳು. ಗೆದ್ದವರಿಗೆ ಗಂಟೆ ಬಾರಿಸುವ ಪದ್ಧತಿ. ಇವಳು ಹಾಡಿ ಮುಗಿಸಿದಳು, ಗಂಟೆ ಬಾರಿಸಲಿಲ್ಲ. ಹಾಡು ಚೆನ್ನಾಗಿದೆ, ಆದರೆ ಮಗುವಿನ ಹಾಗಿಲ್ಲ, ದೊಡ್ಡವರ ಹಾಗೆ ಹಾಡುತ್ತಾಳೆ ಎಂದು ತೀರ್ಪು ಕೊಟ್ಟವರು ತಲೆಯಾಡಿಸಿದರು. ಎನ್.ಎಚ್.ಕೆ. ಎಂಬ ಈ ಹೆಸರನ್ನು ಜ್ಞಾಪಕದಲ್ಲಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಪಂಡಿತರು ಬೇಡವೆಂದದ್ದನ್ನು ಜನ ಬೇಕೆಂದರು. ೧೯೪೯ರಲ್ಲಿ, ೧೨ನೆಯ ವಯಸ್ಸಿನಲ್ಲಿ, ಅವಳ ಮೊದಲ ಗ್ರಾಮಫೋನ್ ತಟ್ಟೆ ಬಂತು. ಅದೇ ವರ್ಷ ಒಂದು ಚಲಚ್ಚಿತ್ರದಲ್ಲಿ ಮನೆಯಿಲ್ಲದ ಮಗುವಾಗಿ, ತಲೆಗೆ ಉದ್ದನೆಯ ಟೋಪಿ ಹಾಕಿಕೊಂಡು ಹಾಡಿದಳು. ಬೀದಿಯಲ್ಲಿ ಬೂಟು ಒರೆಸುವ ಹುಡುಗರೂ, ಗಿರಣಿಯ ಹೆಣ್ಣುಮಕ್ಕಳೂ, ಕೂಲಿಯವರೂ ಇವಳು ತಮ್ಮವಳು ಎಂದರು. ೧೯೫೨ರ 'ರಿಂಗೋ ಓಇವಾಕೆ' ಎಂಬ ಹಾಡಿನ ಹೊತ್ತಿಗೆ ದೇಶಕ್ಕೆಲ್ಲ ಅವಳ ಕಂಠ ಪರಿಚಯವಾಗಿತ್ತು. ಮುಂದಿನ ನಲವತ್ತು ವರ್ಷ ಹಾಡಿದಳು. ಧ್ವನಿಮುದ್ರಿಸಿದ ಹಾಡುಗಳು ಸಾವಿರಕ್ಕೂ ಮೇಲು.

ಅವಳ ದಾರಿ ಹೂವಿನ ದಾರಿಯಾಗಿರಲಿಲ್ಲ. ಅವಳ ತಮ್ಮನಿಗೆ ಪುಂಡರ ಗುಂಪಿನ ಸಹವಾಸವಿತ್ತು. ೧೯೭೩ರಲ್ಲಿ ಅದು ದೊಡ್ಡ ಗಲಾಟೆಯಾಗಿ, ಸಾರ್ವಜನಿಕ ಸಭಾಭವನಗಳು ಒಂದೊಂದಾಗಿ ಅವಳಿಗೆ ಬಾಗಿಲು ಮುಚ್ಚಿದವು. ಪ್ರತಿ ವರ್ಷ ಡಿಸೆಂಬರ್ ೩೧ರ ರಾತ್ರಿ ಅದೇ ಎನ್.ಎಚ್.ಕೆ. ನಡೆಸುವ ಒಂದು ಮಹಾ ಸಂಗೀತ ಕಾರ್ಯಕ್ರಮವಿದೆ. ಜಪಾನಿನ ಮನೆಮಂದಿಯೆಲ್ಲ ಕುಳಿತು ನೋಡುವಂಥದು. ವರ್ಷ ವರ್ಷವೂ ಅದರ ಕೊನೆಯ ಹಾಡು ಹಾಡುತ್ತಿದ್ದವಳನ್ನು ಆ ವರ್ಷ ಕರೆಯಲಿಲ್ಲ. ಆಮೇಲೆ ೧೯೮೧ರಲ್ಲಿ ತಾಯಿ ಹೋದಳು. ತಮ್ಮಂದಿರಿಬ್ಬರೂ ಹೋದರು. ತಮ್ಮನ ಮಗನನ್ನು ತಾನೇ ದತ್ತು ತೆಗೆದುಕೊಂಡು ಸಾಕಿದಳು. ೧೯೮೭ರಲ್ಲಿ ಮೈ ಕೆಟ್ಟು ಆಸ್ಪತ್ರೆ ಸೇರಿದವಳು ೧೯೮೮ರ ಏಪ್ರಿಲ್ ೧೧ರಂದು ಟೋಕಿಯೋ ಡೋಮ್ ಎಂಬ ಮಹಾ ಕ್ರೀಡಾಂಗಣದಲ್ಲಿ ಮತ್ತೆ ರಂಗಕ್ಕೆ ಬಂದಳು. ಹೊರಗೆ ಆಂಬುಲೆನ್ಸ್ ಗಾಡಿ ಕಾಯುತ್ತ ನಿಂತಿತ್ತು. ಸುಮಾರು ನಲವತ್ತು ಹಾಡು ಹಾಡಿದಳು. ಕೊನೆಗೆ ಜನರ ನಡುವೆ ಹಾಕಿದ್ದ ಉದ್ದನೆಯ ಹಾದಿಯನ್ನು ತಾನೇ ನಡೆದು ದಾಟಿದಳು. ೧೯೮೯ರ ಜೂನ್ ೨೪ರಂದು ತೀರಿಕೊಂಡಳು. ವಯಸ್ಸು ೫೨. ಸರ್ಕಾರ ಅವಳಿಗೆ ಮರಣಾನಂತರ ದೊಡ್ಡ ರಾಷ್ಟ್ರಗೌರವ ಕೊಟ್ಟಿತು. ಸರ್ಕಾರಗಳಿಗೆ ಈ ಅಭ್ಯಾಸ ಎಲ್ಲ ದೇಶಗಳಲ್ಲಿಯೂ ಉಂಟು.

ಇಷ್ಟನ್ನು ವಿವರವಾಗಿ ಏಕೆ ಹೇಳಿದೆನೆಂದರೆ, ಕಂಠವೆಂದರೆ ಏನು ಎಂಬುದು ಮೊದಲು ಮನಸ್ಸಿಗೆ ಬರಬೇಕು. ಅದು ಗಂಟಲಲ್ಲಿರುವ ಒಂದು ನರ ಮಾತ್ರವಲ್ಲ. ಆ ಮೀನಿನಂಗಡಿ, ಸುಟ್ಟ ಊರು, ಬಾರಿಸದ ಗಂಟೆ, ಮುಚ್ಚಿದ ಬಾಗಿಲು, ನಲವತ್ತು ವರ್ಷದ ದುಡಿಮೆ ಎಲ್ಲವೂ ಸೇರಿ ಆ ದನಿ ಆಗಿತ್ತು.

ಇನ್ನು ೨೦೧೯ಕ್ಕೆ ಬರೋಣ. ಅವಳು ಸತ್ತು ಮೂವತ್ತು ವರ್ಷವಾಯಿತೆಂದು ಎನ್.ಎಚ್.ಕೆ.ಯವರು ಒಂದು ಯೋಜನೆ ಹಾಕಿದರು. ಅವಳ ಹಳೆಯ ಹಾಡು ಹಾಕಿದರೆ ಸಾಲದು, ಅವಳಿಂದ ಹೊಸ ಹಾಡು ಹಾಡಿಸಬೇಕು. ಯಾಮಾಹಾ ಕಂಪನಿಯ ಎಂಜಿನಿಯರುಗಳು ಆ ಕೆಲಸ ವಹಿಸಿಕೊಂಡರು. ನಮ್ಮ ಹುಡುಗರಿಗೆ ಯಾಮಾಹಾ ಎಂದರೆ ಮೋಟಾರ್ ಸೈಕಲ್ಲು. ಆದರೆ ಆ ಹೆಸರು ಹುಟ್ಟಿದ್ದು ಹಾರ್ಮೋನಿಯಂ, ಪಿಯಾನೋಗಳಿಂದ. ಬದುಕಿದ್ದಾಗ ಅವಳಿಗೆ ಕೊನೆಯ ದೊಡ್ಡ ಹಾಡನ್ನು ಬರೆದುಕೊಟ್ಟಿದ್ದ ಅಕಿಮೋತೋ ಯಾಸುಶಿ ಎಂಬ ಕವಿಯೇ ಈ ಹಾಡನ್ನೂ ಬರೆದ. ಹಾಡಿನ ಹೆಸರು 'ಆರೆಕಾರಾ'. ಅಲ್ಲಿಂದೀಚೆಗೆ ಎಂದು ಅರ್ಥ.

ಯಂತ್ರ ಹೇಗೆ ಕಲಿಯಿತು? ಗ್ರಾಮಫೋನ್ ಕಂಪನಿಯವರ ಉಗ್ರಾಣದಲ್ಲಿ ವಾದ್ಯಗಳಿಲ್ಲದೆ ಅವಳ ದನಿಯಷ್ಟೇ ಇದ್ದ ಹಳೆಯ ಟೇಪುಗಳಿದ್ದವು. ಅವನ್ನು ಗಣಕಯಂತ್ರಕ್ಕೆ ಉಣಿಸಿದರು. ಯಾವ ಅಕ್ಷರವನ್ನು ಯಾವ ಸ್ವರದಲ್ಲಿ ಹೇಗೆ ಎಳೆಯುತ್ತಾಳೆ, ಎಲ್ಲಿ ಉಸಿರು ಹಿಡಿಯುತ್ತಾಳೆ, ಎಲ್ಲಿ ನಡುಗಿಸುತ್ತಾಳೆ ಎಂಬುದನ್ನು ಯಂತ್ರ ಲೆಕ್ಕ ಹಾಕಿತು. ಇದಕ್ಕೆ ಕೃತಕ ಬುದ್ಧಿಮತ್ತೆ ಎಂದು ಹೆಸರಿಟ್ಟಿದ್ದಾರೆ. ಹೆಸರು ಕೇಳಿ ಹೆದರಬೇಡಿ. ಒಳ್ಳೆಯ ನೇಕಾರನ ಕೈಯನ್ನು ವರ್ಷಗಟ್ಟಲೆ ನೋಡುತ್ತ ನಿಂತ ಶಿಷ್ಯ, ಗುರುವಿನ ಹಾಗೆಯೇ ಕೈ ಆಡಿಸುತ್ತಾನಲ್ಲ, ಅಂಥದೇ ಒಂದು ಕಲಿಕೆ. ಈ ಶಿಷ್ಯನಿಗೆ ಹಸಿವಿಲ್ಲ ಅಷ್ಟೆ.

ಮೊದಲು ತಯಾರಾದ ಮಾದರಿಯನ್ನು ಅವಳ ಹಳೆಯ ಅಭಿಮಾನಿಗಳನ್ನು ಕರೆಸಿ ಕೇಳಿಸಿದರು. ಗಿರಣಿಯಲ್ಲಿ ಬಟ್ಟೆ ತಪಾಸಣೆ ಮಾಡುವವರು ಥಾನು ಬಿಡಿಸಿ ನೋಡುವ ಹಾಗೆ ಆ ವೃದ್ಧೆಯರು ಕಿವಿಗೊಟ್ಟು ಕೇಳಿದರು. ಒಪ್ಪಲಿಲ್ಲ. ದನಿ ಅವಳದೇ ಇರಬಹುದು, ಆದರೆ ಇದರಲ್ಲಿ ಅವಳು ಇಲ್ಲ ಎಂಬ ಭಾವದ ಮಾತು ಹೇಳಿದರು. ಎಂಜಿನಿಯರುಗಳು ಮತ್ತೆ ಟೇಪುಗಳ ಮುಂದೆ ಕುಳಿತರು. ಆಗ ತಿಳಿದ ಸಂಗತಿ ಬಹು ಸ್ವಾರಸ್ಯವಾದದ್ದು. ಆ ಮಹಾಗಾಯಕಿ ತಾಳಕ್ಕೆ ಸರಿಯಾಗಿ ಹಾಡುತ್ತಲೇ ಇರಲಿಲ್ಲ. ಕೂದಲೆಳೆಯಷ್ಟು ತಡಮಾಡಿ ಬರುತ್ತಿದ್ದಳು. ಸ್ವರದಲ್ಲಿಯೂ ಕೂದಲೆಳೆಯಷ್ಟು ಆಚೀಚೆ ಸರಿಯುತ್ತಿದ್ದಳು. ಒಂದು ಸ್ವರದ ಮೇಲೆ ಇನ್ನೊಂದು ಸೂಕ್ಷ್ಮ ಸ್ವರ ಅವಳ ಗಂಟಲಿನಲ್ಲಿ ಏಳುತ್ತಿತ್ತು. ಯಂತ್ರ ಎಲ್ಲವನ್ನೂ ಸರಿಪಡಿಸಿ ಹಾಡಿದ್ದರಿಂದಲೇ ತಪ್ಪಾಗಿತ್ತು. ಆದ್ದರಿಂದ ಆ ತಪ್ಪುಗಳನ್ನೂ ಯಂತ್ರಕ್ಕೆ ಕಲಿಸಿದರು.

ಹಾಡಿನ ನಡುವೆ ಮಾತೂ ಬೇಕಾಗಿತ್ತು. ಹಾಡಿನ ಟೇಪು ಮಾತಿಗೆ ಸಾಲದು. ಆಗ ಅವಳ ಮಗ ಒಂದು ವಸ್ತು ತಂದುಕೊಟ್ಟ. ಊರೂರಿಗೆ ಹಾಡಲು ಹೋಗುತ್ತಿದ್ದ ತಾಯಿ, ಮನೆಯಲ್ಲಿ ಒಂಟಿಯಾಗಿ ಮಲಗುವ ಮಗನಿಗೆಂದು ಕಥೆ ಓದಿ ಟೇಪಿನಲ್ಲಿ ಇಟ್ಟು ಹೋಗುತ್ತಿದ್ದಳಂತೆ. ಆ ಟೇಪುಗಳು. ರಾತ್ರಿ ಪಾಳಿಗೆ ಹೋಗುವ ತಾಯಂದಿರು ಇಲ್ಲಿ ಕುಳಿತಿದ್ದೀರಿ. ಮಗು ಮಲಗಿಸುವ ಹೊತ್ತಿಗೆ ಮನೆಯಲ್ಲಿರಲಾಗದ ಸಂಕಟ ನಿಮಗೆ ಗೊತ್ತು. ಆ ಸಂಕಟದಿಂದ ಹುಟ್ಟಿದ ದನಿ ಅದು. ಲೋಕದಲ್ಲಿ ಒಬ್ಬನೇ ಒಬ್ಬ ಕೇಳುಗನಿಗಾಗಿ ಮಾಡಿದ್ದು. ಅದನ್ನು ಕೊಡುವ ಹಕ್ಕು ಯಾರಿಗಾದರೂ ಇದ್ದರೆ ಆ ಮಗನಿಗೇ ಇತ್ತು, ಅವನು ಪ್ರೀತಿಯಿಂದಲೇ ಕೊಟ್ಟ. ಅವನನ್ನು ನಾನು ದೂರುವುದಿಲ್ಲ. ಆದರೆ ಅದು ಯಂತ್ರದೊಳಗೆ ಹೋಗಿ ಏನಾಗಿ ಹೊರಬಂತು ಎಂಬುದನ್ನು ಕೇಳಿ.

೨೦೧೯ರ ಸೆಪ್ಟೆಂಬರಿನಲ್ಲಿ ಅಭಿಮಾನಿಗಳನ್ನು ಕೂಡಿಸಿ ಸ್ಮರಣೆಯ ಕಾರ್ಯಕ್ರಮ ನಡೆಸಿದರು. ಪರದೆಯ ಮೇಲೆ ಆಳೆತ್ತರದ ಹಿಬಾರಿ ಬಂದಳು. ಕೈ ಮೈ ಚಲನೆಯನ್ನು ಇನ್ನೊಬ್ಬ ಗಾಯಕಿ ಮಾಡಿ ತೋರಿಸಿದ್ದಳು, ಚಿತ್ರವನ್ನು ಗಣಕ ಬರೆದಿತ್ತು, ದನಿಯನ್ನು ಯಂತ್ರ ಹಾಡಿತು. ನಡುವೆ ಹಾಡು ತಗ್ಗಿ ಮಾತು ಬಂತು. ಬಹಳ ದಿನವಾಯಿತು ನೋಡಿ, ನಿಮ್ಮನ್ನೆಲ್ಲ ನಾನು ನೋಡುತ್ತಲೇ ಇದ್ದೆ, ಬಹಳ ಶ್ರಮಪಟ್ಟಿರಿ, ನನ್ನ ಪಾಲಿನದನ್ನೂ ಸೇರಿಸಿ ಇನ್ನೂ ಶ್ರಮಪಡಿ ಎಂಬ ಅರ್ಥದ ಮಾತುಗಳು. ಮುದುಕಿಯರು ಕರವಸ್ತ್ರ ಮುಖಕ್ಕೆ ಹಿಡಿದು ಅತ್ತರು. ಮಗನ ಕಣ್ಣಲ್ಲಿಯೂ ನೀರು.

ಆ ಕಣ್ಣೀರನ್ನು ಹಾಸ್ಯ ಮಾಡುವವನು ನಾನಲ್ಲ. ಹನ್ನೆರಡು ವರ್ಷದ ಹಿಬಾರಿಯ ಹಾಡು ಕೇಳುತ್ತ ಬೂದಿಯಿಂದ ಎದ್ದು ಬಂದ ಜನ ಅವರು. ಜೀವಮಾನವೆಲ್ಲ ದುಡಿದರು. ನೀನು ಬಹಳ ಶ್ರಮಪಟ್ಟೆ ಎಂದು ಒಬ್ಬರೂ ಹೇಳಿರಲಿಕ್ಕಿಲ್ಲ. ಆ ಮಾತಿಗಾಗಿ ಅವರು ಎಷ್ಟು ವರ್ಷ ಹಸಿದಿದ್ದರೋ. ಆದರೆ ನಾನು ಕೇಳುವುದು ಇಷ್ಟೇ: ಇದನ್ನು ಹೇಳಿದವರು ಯಾರು? ಹಿಬಾರಿ ಹೇಳಲಿಲ್ಲ. ಬದುಕಿರುವ ಒಬ್ಬ ಗಂಡಸು ಬರೆದ ಮಾತನ್ನು ಯಂತ್ರ ಅವಳ ದನಿಯಲ್ಲಿ ಆಡಿತು. ಶ್ರಮಪಟ್ಟದ್ದು ಸಾಲದು, ಸತ್ತವಳ ಪಾಲನ್ನೂ ಸೇರಿಸಿ ದುಡಿಯಿರಿ ಎಂಬ ಬುದ್ಧಿವಾದವನ್ನು, ಕಾಯಿಲೆಯ ಮೈಯಲ್ಲಿಯೇ ದುಡಿದು ೫೨ಕ್ಕೆ ಕಣ್ಣು ಮುಚ್ಚಿದವಳ ಬಾಯಿಂದ ಹೇಳಿಸಿದರು! ಅತಿದುಡಿಮೆಯಿಂದ ಸಾಯುವುದಕ್ಕೆ 'ಕಾರೋಶಿ' ಎಂದು ಬೇರೆಯೇ ಒಂದು ಶಬ್ದ ಇಟ್ಟುಕೊಂಡಿರುವ ದೇಶ ಜಪಾನು. ಅವಳೇ ಎದ್ದು ಬಂದಿದ್ದರೆ ಸಾಕು, ಇನ್ನು ಸ್ವಲ್ಪ ಕುಳಿತುಕೊಳ್ಳಿ ಎನ್ನುತ್ತಿದ್ದಳೋ ಏನೋ, ಯಾರು ಬಲ್ಲರು? ಯಾರೂ ಬಲ್ಲವರಿಲ್ಲ ಎಂಬುದೇ ನನ್ನ ವಾದ.

ಅದೇ ವರ್ಷ ಡಿಸೆಂಬರಿನಲ್ಲಿ ಹಾಡನ್ನು ಮಾರಾಟಕ್ಕೆ ಬಿಟ್ಟರು. ಡಿಸೆಂಬರ್ ೩೧ರ ರಾತ್ರಿ, ೧೯೭೩ರಲ್ಲಿ ಬದುಕಿದ್ದ ಹಿಬಾರಿಗೆ ಇಲ್ಲದ ಅದೇ ರಂಗದ ಮೇಲೆ, ಯಂತ್ರದ ಹಿಬಾರಿಗೆ ಜಾಗ ದೊರೆಯಿತು. ಈ ಹಿಬಾರಿಗೆ ತಮ್ಮನಿಲ್ಲ, ಕಾಯಿಲೆಯಿಲ್ಲ, ಹಟವಿಲ್ಲ, ಸಂಭಾವನೆಯ ತಕರಾರಿಲ್ಲ. ಮಾಲೀಕನಿಗೆ ಇದಕ್ಕಿಂತ ಒಳ್ಳೆಯ ಆಳು ಎಲ್ಲಿ ಸಿಕ್ಕಾನು?

ಜಪಾನಿನಲ್ಲಿಯೇ ಇದಕ್ಕೆ ವಿರೋಧ ಎದ್ದಿತು. ಯಾಮಾಶಿತಾ ತಾತ್ಸುರೋ ಎಂಬ ಹೆಸರಾಂತ ಗಾಯಕ ೨೦೨೦ರ ಜನವರಿಯಲ್ಲಿ ತನ್ನ ರೇಡಿಯೋ ಕಾರ್ಯಕ್ರಮದಲ್ಲಿ, ಕೇಳುಗರೊಬ್ಬರ ಪತ್ರಕ್ಕೆ ಉತ್ತರವಾಗಿ, ಒಂದೇ ಮಾತಿನಲ್ಲಿ ಇದು ಅಪಚಾರ ಎಂದುಬಿಟ್ಟ.

ನಾನು ಸಂಗೀತ ಬಲ್ಲವನಲ್ಲವಾದ್ದರಿಂದ ಅಪಚಾರದ ಮಾತನ್ನು ಅವನಿಗೇ ಬಿಡುತ್ತೇನೆ. ನನಗೆ ಗೊತ್ತಿರುವ ಕಡೆಯಿಂದ, ಅಂದರೆ ಮಗ್ಗದ ಕಡೆಯಿಂದ, ಇದನ್ನು ನೋಡುತ್ತೇನೆ. ಅದೇ ಜಪಾನಿನಲ್ಲಿ ತೊಯೋದಾ ಸಾಕಿಚಿ ಎಂಬುವನು ೧೯೨೪ರಲ್ಲಿ ಒಂದು ಸ್ವಯಂಚಾಲಿತ ಮಗ್ಗವನ್ನು ಪೂರ್ತಿಮಾಡಿದ. ಹಾಸಿನ ಎಳೆ ಹರಿದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಹೊಕ್ಕಿನ ನೂಲು ತೀರಿದರೆ ಓಟ ನಿಲ್ಲಿಸದೆಯೇ ಲಾಳಿ ಬದಲಾಗುತ್ತಿತ್ತು. ಅದಕ್ಕೆ ಮುಂಚೆ ಎಳೆ ಹರಿದದ್ದನ್ನು ನೋಡುತ್ತಿದ್ದದ್ದು ನೇಯುವವಳ ಕಣ್ಣು. ಆ ಕಣ್ಣನ್ನು ಅವನು ಮಗ್ಗದೊಳಗೆ ಇಟ್ಟ. ಒಬ್ಬಳೇ ಹತ್ತಾರು ಮಗ್ಗ ನೋಡಿಕೊಳ್ಳುವಂತಾಯಿತು, ಮಿಕ್ಕವರು ಮನೆಗೆ ಹೋದರು. ೧೯೨೯ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಆ ಮಗ್ಗದ ಹಕ್ಕನ್ನು ಕೊಂಡುಕೊಂಡಿತು. ಹಣ ಕಂಡುಹಿಡಿದವನಿಗೆ ಬಂತು. ಕಣ್ಣು ಕೊಟ್ಟವಳಿಗೆ ಏನು ಬಂತು ಎಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಯಂತ್ರ ಒಡೆಯುವವರ ಪಕ್ಷ ನಮ್ಮದಲ್ಲ. ದುಡಿಯುವವನ ಕೈಯಿಂದ, ಕಣ್ಣಿಂದ ಕಲಿತ ಯಂತ್ರದ ಲಾಭದಲ್ಲಿ ದುಡಿಯುವವನಿಗೂ ಪಾಲಿರಬೇಕು, ಅವನ ಒಪ್ಪಿಗೆ ಇರಬೇಕು ಎಂಬುದು ನಮ್ಮ ಹಳೆಯ ಮಾತು. ಹಿಬಾರಿಯ ಕಥೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ತೊಯೋದಾನ ಮಗ್ಗ ನೇಯ್ದ ಬಟ್ಟೆಯ ಮೇಲೆ ನೇಯುವವಳ ಹೆಸರು ಹಾಕುತ್ತಿರಲಿಲ್ಲ. ಇಲ್ಲಿ ಯಂತ್ರ ನೇಯ್ದದ್ದಕ್ಕೆ ಸತ್ತವಳ ಹೆಸರನ್ನೇ ಹಾಕಿ ಮಾರಿದರು.

ಮೊನ್ನೆ ಈ ವಿಚಾರ ಚೌಕದಲ್ಲಿ ಮಾತಾಡುತ್ತಿದ್ದಾಗ ನಮ್ಮ ಕಿರಾಣಿ ವ್ಯಾಪಾರಿಗಳೊಬ್ಬರು ಎರಡು ಆಕ್ಷೇಪ ಎತ್ತಿದರು. ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಗ್ರಾಮಫೋನ್ ತಟ್ಟೆಯೂ ಯಂತ್ರವೇ ಅಲ್ಲವೇ, ಸತ್ತವರ ಹಾಡನ್ನು ನಾವು ದಿನವೂ ಕೇಳುತ್ತೇವಲ್ಲ ಎಂದರು. ಸರಿಯೇ. ಆದರೆ ತಟ್ಟೆಯಲ್ಲಿರುವುದು ಅವರು ಹಾಡಿದ್ದು. ಇನ್ನೊಂದು ಸಾರಿ ಹಾಡುತ್ತೇನೆ, ಇದು ಬೇಡ, ಅಳಿಸಿಬಿಡಿ ಎಂದು ಹೇಳಲು ಅವರಿಗೆ ಬಾಯಿತ್ತು. ಈ ಹೊಸ ಹಾಡಿಗೆ ಬೇಡ ಎನ್ನುವ ಬಾಯಿ ಹಿಬಾರಿಗೆ ಇರಲಿಲ್ಲ.

ಮಗ ಒಪ್ಪಿದ ಮೇಲೆ ನಿಮ್ಮದೇನು ಎಂಬುದು ಎರಡನೆಯ ಆಕ್ಷೇಪ. ಅದಕ್ಕೆ ನಾನು ಅವರ ಅಂಗಡಿಯ ಉದಾಹರಣೆಯನ್ನೇ ಕೊಟ್ಟೆ. ಸ್ವಾಮೀ, ನಿಮ್ಮ ತಂದೆ ಹೋಗಿ ವರ್ಷಗಳಾದವು, ಬೋರ್ಡಿನ ಮೇಲೆ ಇನ್ನೂ ಅವರ ಹೆಸರೇ ಇದೆ. ಇರಬೇಕು, ಅದು ಗೌರವ. ಅವರು ಬಿಟ್ಟು ಹೋದ ತಕ್ಕಡಿ, ಗಿರಾಕಿ, ಬಾಕಿ ವಸೂಲಿ ಎಲ್ಲ ನಿಮ್ಮದು. ಆದರೆ ಅವರ ರುಜು ಹಾಕಿ ಇಂದಿನ ತಾರೀಖಿನ ಒಂದು ಹೊಸ ಹುಂಡಿ ಬರೆಯಬಲ್ಲಿರಾ? ಬರೆದರೆ ಕೋರ್ಟಿನಲ್ಲಿ ಅದಕ್ಕೆ ಏನೆನ್ನುತ್ತಾರೆ? ಅವರು ನಕ್ಕು, ಮೇಷ್ಟ್ರೇ ನೀವು ವಕೀಲರಾಗಬೇಕಿತ್ತು ಎಂದರು. ಆದರೆ ಹಾಗೆಂದು ಪೂರ್ತಿ ಒಪ್ಪಿದರೆಂದು ನಾನು ಹೇಳಲಾರೆ. ರುಜು ಹಾಕಿ ಮೋಸ ಮಾಡುವುದು ಬೇರೆ, ಇಲ್ಲಿ ಯಂತ್ರದ್ದೆಂದು ಮೊದಲೇ ಹೇಳಿ ಮಾಡಿದ್ದಾರಲ್ಲ ಎಂದರು. ಆ ಮಾತಿನಲ್ಲಿಯೂ ಹುರುಳಿದೆ. ಎನ್.ಎಚ್.ಕೆ.ಯವರು ಏನನ್ನೂ ಮುಚ್ಚಿಡಲಿಲ್ಲ, ಅದನ್ನು ಹೇಳದಿದ್ದರೆ ನನ್ನದು ಅನ್ಯಾಯವಾಗುತ್ತದೆ.

ಸ್ಮರಣೆ ಮಾಡಲು ಬೇರೆ ದಾರಿ ಇಲ್ಲವೇ? ಇದೆ, ಹಿಬಾರಿಗೇ ಮಾಡಿದ್ದಾರೆ. ೨೦೧೨ರ ನವೆಂಬರ್ ೧೧ರಂದು, ಅವಳು ಕೊನೆಗಾಲದಲ್ಲಿ ಹಾಡಿದ ಅದೇ ಟೋಕಿಯೋ ಡೋಮ್‌ನಲ್ಲಿ ಸ್ಮರಣೆಯ ಸಂಗೀತ ಸಭೆ ನಡೆಯಿತು. ಹಿಂದಿನ ವರ್ಷದ ಭೂಕಂಪ, ಸುನಾಮಿಗಳಲ್ಲಿ ನೊಂದವರನ್ನು ನೆನೆದು ಮಾಡಿದ್ದು. ಅಲ್ಲಿ ಬದುಕಿರುವ ಗಾಯಕರು ಬಂದು ಒಬ್ಬೊಬ್ಬರಾಗಿ ಅವಳ ಹಾಡುಗಳನ್ನು ತಮ್ಮ ತಮ್ಮ ಕಂಠದಲ್ಲಿ ಹಾಡಿದರು. ಯಾರೂ ಅವಳ ಹಾಗೆ ಹಾಡಿರಲಾರರು. ಹಾಡಲಾಗದೆ ಹೋದಾಗಲೇ ಹೋದವಳು ಎಂಥವಳೆಂದು ಕೇಳುವವರಿಗೆ ತಿಳಿಯುವುದು. ಸಂಭಾವನೆಯೂ ಉಸಿರಾಡುವವರ ಮನೆಗೇ ಹೋಗುತ್ತದೆ.

ಜಪಾನಿನ ಮಾತು ನಮಗೇಕೆ ಎನ್ನಬೇಡಿ. ನಮ್ಮ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ೨೦೨೦ರ ಸೆಪ್ಟೆಂಬರ್ ೨೫ರಂದು ತೀರಿಕೊಂಡರು. ಪಂಚಾಕ್ಷರ ಗವಾಯಿಗಳ ಚಿತ್ರದಲ್ಲಿ ಹಾಡಿ ಕನ್ನಡಕ್ಕೆ ರಾಷ್ಟ್ರಪ್ರಶಸ್ತಿ ತಂದವರು. ಅವರ ದನಿಯನ್ನು ಯಂತ್ರದಿಂದ ತಯಾರಿಸಿ ಒಂದು ತೆಲುಗು ಚಿತ್ರದಲ್ಲಿ ಬಳಸಿದರೆಂದು, ತಮ್ಮನ್ನು ಕೇಳಲಿಲ್ಲವೆಂದು, ಅವರ ಮಗ ವಕೀಲರ ನೋಟೀಸು ಕೊಡಿಸಿದ್ದು ೨೦೨೪ರ ಫೆಬ್ರವರಿಯಲ್ಲಿ ಬೆಳಕಿಗೆ ಬಂತು. ಅದೇ ವರ್ಷದ ಆರಂಭದಲ್ಲಿ ಎ.ಆರ್. ರೆಹಮಾನ್ ಅವರು ಒಂದು ತಮಿಳು ಚಿತ್ರದಲ್ಲಿ ತೀರಿಹೋದ ಇಬ್ಬರು ಗಾಯಕರ ದನಿ ಬಳಸಿದರು; ಅವರು ಮನೆಯವರನ್ನು ಕೇಳಿ, ಹಣ ಕೊಟ್ಟು ಬಳಸಿದೆನೆಂದು ಹೇಳಿದ್ದಾರೆ. ಕೇಳುವುದಕ್ಕೂ ಕೇಳದಿರುವುದಕ್ಕೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಬದುಕಿರುವ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಹೀಗೆ ನಕಲು ಮಾಡುವುದನ್ನು ತಡೆದು ೨೦೨೪ರ ಜುಲೈಯಲ್ಲಿ ಬೊಂಬಾಯಿ ಹೈಕೋರ್ಟು ಮಧ್ಯಂತರ ಆಜ್ಞೆ ಕೊಟ್ಟಿತು. ೧೯೫೭ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ಆಮೇಲಿನ ತಿದ್ದುಪಡಿಗಳಂತೆ, ಹಾಡಿದವರಿಗೆ ತಾವು ಹಾಡಿದ್ದರ ಮೇಲೆ ೫೦ ವರ್ಷ ಹಕ್ಕಿದೆ. ಹಾಡದೆ ಇದ್ದದ್ದನ್ನು ಅವರ ದನಿಯಲ್ಲಿ ಹಾಡಿಸುವ ಕಾಲ ಬರುತ್ತದೆಂದು ಅದನ್ನು ಬರೆದವರು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಕೋರ್ಟಿಗೆ ಹೋಗಲು ಹೆಸರು ಬೇಕು, ಹಣ ಬೇಕು. ಹೆಸರಿಲ್ಲದವರು ಏನು ಮಾಡಬೇಕು? ಅಮೆರಿಕದಲ್ಲಿ ಸಿನಿಮಾ ನಟರ ಯೂನಿಯನ್ನಿನವರು ೨೦೨೩ರ ಜುಲೈ ೧೪ರಿಂದ ನವೆಂಬರ್ ೯ರವರೆಗೆ, ೧೧೮ ದಿನ ಮುಷ್ಕರ ಹೂಡಿದರು. ಕೂಲಿಯ ಮಾತಿನ ಜೊತೆಗೆ ಅವರ ಇನ್ನೊಂದು ಬೇಡಿಕೆ ಇದೇ ಆಗಿತ್ತು. ಗುಂಪಿನಲ್ಲಿ ನಿಲ್ಲುವ ಬಡ ನಟನ ಮುಖ ಮೈಗಳನ್ನು ಒಂದು ದಿನದ ಕೂಲಿ ಕೊಟ್ಟು ಯಂತ್ರದಲ್ಲಿ ಹಿಡಿದಿಟ್ಟುಕೊಂಡು ಕಂಪನಿಗಳು ಎಂದೆಂದಿಗೂ ಬಳಸಬಯಸುತ್ತಿವೆ ಎಂದು ಯೂನಿಯನ್ನು ಆಪಾದಿಸಿತು. ಕಂಪನಿಗಳು ಅದನ್ನು ಅಲ್ಲಗಳೆದವು. ಆದರೆ ಕೊನೆಗೆ ಆದ ಒಪ್ಪಂದದಲ್ಲಿ, ಯಂತ್ರದ ಪ್ರತಿರೂಪ ಮಾಡಬೇಕಾದರೆ ನಟನ ಒಪ್ಪಿಗೆ ಬೇಕು, ಹಣ ಕೊಡಬೇಕು, ಸತ್ತವನಾದರೆ ಅವನ ವಾರಸುದಾರರ ಒಪ್ಪಿಗೆ ಬೇಕು ಎಂಬ ಷರತ್ತುಗಳು ಸೇರಿದವು. ಕೋಟಿ ಗಳಿಸುವ ತಾರೆಯರೂ, ದಿನಗೂಲಿಯವರೂ ಒಂದೇ ಬಾಗಿಲ ಮುಂದೆ ಫಲಕ ಹಿಡಿದು ನಿಂತದ್ದರಿಂದ ಆದದ್ದು.

ಈಗ ನಮ್ಮ ಹುಡುಗನ ಮೂರು ಹಾಳೆಗೆ ಮರಳಿ ಬರುತ್ತೇನೆ.

ಅವನು ಇನ್ನೂ ರುಜು ಹಾಕಿಲ್ಲ. ಹಾಕಬೇಡ ಎಂದು ನಾನು ಆಜ್ಞೆ ಮಾಡಿಲ್ಲ. ೫,೦೦೦ ರೂಪಾಯಿ ಎಂದರೆ ಅವನ ಮನೆಗೆ ಏನೆಂಬುದು ನನಗೆ ಗೊತ್ತು. ತಂಗಿಯ ಶಾಲೆಯ ಶುಲ್ಕ ಬಾಕಿ ಇದೆ. ಬರಿಯ ಉಪದೇಶದಿಂದ ಶುಲ್ಕ ತೀರುವುದಿಲ್ಲ. ನಾವಿಬ್ಬರೂ ಕುಳಿತು ಕಂಪನಿಯವರಿಗೆ ಕನ್ನಡದಲ್ಲಿ ಒಂದು ಪತ್ರ ಬರೆದಿದ್ದೇವೆ. ನಾಲ್ಕು ದಿನ ಹಾಡಿದ್ದಕ್ಕೆ ಹಣ ಸರಿ. ಆದರೆ ದನಿ ಯಾವ ಕೆಲಸಕ್ಕೆ, ಎಷ್ಟು ವರ್ಷಕ್ಕೆ ಎಂದು ಬರೆಯಿರಿ. ಅವನು ಹಾಡದ ಹಾಡನ್ನು ಅವನ ದನಿಯಲ್ಲಿ ಮಾಡುವುದಾದರೆ ಪ್ರತಿ ಸಾರಿಯೂ ಕೇಳಿ, ಪ್ರತಿ ಸಾರಿಯೂ ಕೊಡಿ. ಅವನು ಸತ್ತ ದಿನಕ್ಕೆ ಕರಾರು ಮುಗಿಯಬೇಕು. ಕರಾರು ಅವನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಉತ್ತರ ಇನ್ನೂ ಬಂದಿಲ್ಲ. ಬೇರೆ ಹಾಡುವವನನ್ನು ಹುಡುಕಿಕೊಳ್ಳುತ್ತೇವೆ ಎಂದು ಫೋನಿನಲ್ಲಿ ಒಬ್ಬ ಗುಮಾಸ್ತ ಹೇಳಿದನಂತೆ. ಹುಡುಕಿಕೊಳ್ಳುತ್ತಾರೆ. ಈ ಊರಿನಲ್ಲಿ ಹಾಡುವವರಿಗೆ ಬರವಿಲ್ಲ: ಆರ್ಕೆಸ್ಟ್ರಾದವರಿದ್ದಾರೆ, ಭಜನೆ ಮೇಳದವರಿದ್ದಾರೆ, ನಾಟಕದವರಿದ್ದಾರೆ, ಸೋಬಾನೆ ಹಾಡುವ ತಾಯಂದಿರಿದ್ದಾರೆ. ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಹಿಡಿದರೆ ಈ ಹುಡುಗ ತಂಗಿಯ ಶುಲ್ಕ ಕಳೆದುಕೊಂಡದ್ದಷ್ಟೇ ಲಾಭ.

ಆದ್ದರಿಂದ ಊರಿನ ಹಾಡುವವರನ್ನೆಲ್ಲ ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಇದೇ ವಾಚನಾಲಯಕ್ಕೆ ಕರೆದಿದ್ದೇವೆ. ಮೇಲೆ ಹೇಳಿದ ಷರತ್ತುಗಳನ್ನು ಒಂದು ಠರಾವಾಗಿ ಬರೆದು ಗೋಡೆಗೆ ಅಂಟಿಸಿದೆ. ಓದಲು ಬಾರದವರಿಗೆ ಓದಿ ಹೇಳಲು ನಾನೇ ಸಂಜೆ ಆರರಿಂದ ಎಂಟರವರೆಗೆ ಇಲ್ಲಿರುತ್ತೇನೆ. ತಿದ್ದುಪಡಿ ಸೂಚಿಸುವವರು ಶನಿವಾರದೊಳಗೆ ಬರೆದುಕೊಡಿ. ಆ ಹುಡುಗನ ತಂಗಿಯ ಶುಲ್ಕಕ್ಕೆಂದು ಬಾಗಿಲ ಬಳಿ ಒಂದು ಡಬ್ಬಿ ಇಟ್ಟಿದೆ. ಬೋನಸ್ಸಿನ ವಿಚಾರ ಅದೇ ದಿನ ಮಧ್ಯಾಹ್ನ.